ಕಾಸು ಕೊಟ್ಟು ನೋಡಿದ ಎಲೆ

“ಇಸ್ಪೀಟಿನಲ್ಲಿ ಎದುರು ಕೂತವರ ಕೈಯಲ್ಲಿ ನಿಜವಾಗಿ ಒಳ್ಳೆಯ ಎಲೆ ಇದೆಯೋ, ಸುಮ್ಮನೆ ಹೆದರಿಸುತ್ತಿದ್ದಾರೋ ಎಂದು ತಿಳಿಯುವುದು ಹೇಗೆ, ಗುರುಗಳೇ?” ಎಂದು ಸುಗುಣಾವತಿ ಮಠದ ಗುರುಗಳನ್ನು ಕೇಳಿದರು.

ಕೇಳುವ ಮುನ್ನ ತಮ್ಮ ಮನೆತನದ ವಿಷಯ ಹೇಳಿದ್ದರು. ಮುತ್ತಜ್ಜ ಊರ ಕೆರೆಗೆ ಮೆಟ್ಟಿಲು ಕಟ್ಟಿಸಿದವರು. ಅಜ್ಜ ಪುರಸಭೆಯ ಅಧ್ಯಕ್ಷರಾಗಿದ್ದವರು. ತಂದೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ. ತಾವು ಕಾನ್ವೆಂಟಿನಲ್ಲಿ ಓದಿದವರು. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಆದರೂ ಕೇಳಿಸಿಕೊಂಡರು.

ದೀಪಾವಳಿಯ ಪಾಡ್ಯದಂದು ಇಸ್ಪೀಟು ಆಡುವುದು ಅವರ ಮನೆಯ ಪದ್ಧತಿ. ಹಬ್ಬ ಮುಗಿದ ಮೇಲೂ ಬೀದಿಯ ಹೆಂಗಸರು ಮಧ್ಯಾಹ್ನ ಅಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರಿಗೆ ಮೂರು ಎಲೆ, ಪಣ ಒಂದು ರೂಪಾಯಿ. ಈ ವರ್ಷ ಬೀದಿಗೆ ಹೊಸದಾಗಿ ಬಂದ ಚಂದ್ರಾಬಾಯಿ ಒಂದೇ ಮಧ್ಯಾಹ್ನ ಸುಗುಣಾವತಿಯವರನ್ನು ಮತ್ತೆ ಮತ್ತೆ ಸೋಲಿಸಿಬಿಟ್ಟರು.

“ಎಲೆ ಬಚ್ಚಿಟ್ಟಿದ್ದೀರಿ, ಎದ್ದು ನಿಂತು ಸೆರಗು ಕೊಡವಿ ಎಂದೆ. ಕೊಡವಿದರು. ಏನೂ ಬೀಳಲಿಲ್ಲ. ಆಕೆ ಅಷ್ಟು ಜಾಣೆ” ಎಂದರು ಸುಗುಣಾವತಿ. “ಮರುದಿನದಿಂದ ಆಟಕ್ಕೆ ಬರಲೇ ಇಲ್ಲ. ತಪ್ಪು ಮಾಡದವರು ಮುಖ ಮರೆಸಿಕೊಳ್ಳುತ್ತಾರೆಯೇ? ಅಂದಿನಿಂದ ನಾನು ಒಂದು ಆಟವನ್ನೂ ಸೋತಿಲ್ಲ. ಇನ್ನೇನು ಸಾಕ್ಷಿ ಬೇಕು? ಆಕೆ ನನ್ನ ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ಮಠದ ಭಜನೆಗೆ ಸೇರಿಸಕೂಡದು.”

ಚಂದ್ರಾಬಾಯಿಗೆ ಈ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ ತೀರಿಹೋಗಿದ್ದರು. ಆಟಕ್ಕೆ ಬರುವುದು ನಿಂತ ಮೇಲೆ ಅವರು ನಾಲ್ಕು ಜನರ ನಡುವೆ ಕೂರುತ್ತಿದ್ದುದು ಆ ಭಜನೆಯಲ್ಲಿ ಮಾತ್ರ.

ಗುರುಗಳು ಕನ್ನಡಕ ತೆಗೆದು ಒರೆಸಿದರು. ಇದೇ ಮಾತನ್ನು ಸುಗುಣಾವತಿಯವರ ಬಾಯಿಂದ ಹೋದ ವಾರವೂ ಕೇಳಿದ್ದರು. ಕನ್ನಡಕ ಹಾಕಿಕೊಂಡು, “ಕೇಳಿ” ಎಂದರು.

ಒಬ್ಬ ವರ್ತಕನಿದ್ದ. ಹೊಳೆ ತುಂಬಿ ದೋಣಿ ನಿಂತಿತು. ದಡದ ಛತ್ರದಲ್ಲಿ ಉಳಿದುಕೊಂಡ. ಅಲ್ಲಿ ಕೆಲವರು ಹೊತ್ತು ಕಳೆಯಲು ಎಲೆಯಾಡುತ್ತಿದ್ದರು. ಪಣ ಒಂದು ಕಾಸು. ವರ್ತಕನೂ ಕೂತ. ಅವನೆದುರು ಹಗ್ಗ ಮಾರುವವನೊಬ್ಬ ಕೂತಿದ್ದ.

ಹಗ್ಗದವನು ಬೆಳಗಿನಿಂದ ಎಲೆ ನೋಡುವುದು, ಆಟ ಬಿಟ್ಟು ಕೆಳಗಿಡುವುದು, ಇಷ್ಟನ್ನೇ ಮಾಡುತ್ತಿದ್ದ. ಜೊತೆಯವರು, “ಎಲೆ ಬರೀ ನೋಡಲು ಬಂದಿದ್ದೀಯಾ, ಆಡಲು ಬಂದಿದ್ದೀಯಾ?” ಎಂದು ಗೇಲಿ ಮಾಡಿದರು. ಅವನೂ ನಕ್ಕ. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಎಲೆ ನೋಡಿದವನು ನಾಲ್ಕು ಕಾಸು ಮುಂದಿಟ್ಟ. ಗೇಲಿ ನಿಂತಿತು. ಉಳಿದವರು ಎಲೆ ಕೆಳಗಿಟ್ಟರು.

ವರ್ತಕನ ಕೈಯಲ್ಲಿ ಎರಡು ಎಕ್ಕಗಳಿದ್ದವು. ಬಿಡುವಂಥ ಎಲೆಯಲ್ಲ. ಆದರೆ ಬೆಳಗಿನಿಂದ ಸುಮ್ಮನಿದ್ದವನು ಈಗ ಮುಂದೆ ಬಂದಿದ್ದಾನೆ ಎಂಬುದು ಅವನಿಗೂ ಕಂಡಿತ್ತು. ಬಿಡುವುದೇ ಲೇಸು ಎಂದು ಒಳಗೆ ಅನ್ನಿಸಿತು. ನೂರು ಕಾಸಾಗಿದ್ದರೆ ಬಿಡುತ್ತಿದ್ದ. ಬರೀ ನಾಲ್ಕು ಕಾಸಿಗೆ ಹೆದರಿ ಹಗ್ಗದವನ ಮುಂದೆ ಎಕ್ಕ ಕೆಳಗಿಡುವುದೇ? ತನ್ನಂಥವನು?

“ನಿನ್ನ ಹತ್ತಿರ ಏನಿದೆಯೋ?” ಎಂದ.

“ಕಾಸು ಹಾಕಿದರೆ ತೋರಿಸುತ್ತೇನೆ, ಸಾಹುಕಾರರೇ. ಬಾಯಲ್ಲಿ ಹೇಳಿದರೆ ನಂಬುತ್ತೀರಾ?”

ವರ್ತಕ ನಾಲ್ಕು ಕಾಸು ಹಾಕಿದ. ಹಗ್ಗದವನು ಎಲೆ ತಿರುವಿದ. ಮೂರು ಏಳು, ಎರಡು ಎಕ್ಕಕ್ಕಿಂತ ದೊಡ್ಡ ಎಲೆ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಗೆಯೇ ಆಯಿತು. ಹಗ್ಗದವನು ಮುಂದಿಟ್ಟ, ಎಲ್ಲರೂ ಬಿಟ್ಟರು, ವರ್ತಕ ಬಿಡಲಿಲ್ಲ. ಈ ಸಲವೂ ಸೋತ. ಆಗ ಅವನು, “ಪೇಟ ಬಿಚ್ಚು” ಎಂದ.

ಹಗ್ಗದವನು ಜೊತೆಯವರ ಮುಖ ನೋಡಿದ. ಅವರು ಹೊಳೆಯ ಕಡೆ ತಿರುಗಿದರು. ಅವನು ಪೇಟ ಬಿಚ್ಚಿ ಕೊಡವಿದ. ಏನೂ ಬೀಳಲಿಲ್ಲ. ಗೆದ್ದ ಕಾಸನ್ನು ವರ್ತಕನ ಮುಂದೆ ತಳ್ಳಿ, ಹಗ್ಗದ ಹೊರೆ ಎತ್ತಿಕೊಂಡು, ಛತ್ರದ ಇನ್ನೊಂದು ಮೂಲೆಗೆ ಹೋಗಿ ಕೂತ. ವರ್ತಕ ಕಾಸು ತೆಗೆದುಕೊಂಡ.

“ಎಲೆ ಬೇರೆಲ್ಲೋ ಬಚ್ಚಿಟ್ಟಿರಬೇಕು” ಎಂದರು ಸುಗುಣಾವತಿ. “ಬಚ್ಚಿಡಲು ಪೇಟ ಒಂದೇ ಜಾಗವೇ?”

“ಅಮ್ಮಾ, ಕತೆ ನನ್ನದು” ಎಂದರು ಗುರುಗಳು. “ಅವನು ಬಚ್ಚಿಟ್ಟಿರಲಿಲ್ಲ.”

ಆಮೇಲೆ ವರ್ತಕನ ದೆಸೆ ತಿರುಗಿತು. ಅವನು ಕಾಸು ಮುಂದಿಟ್ಟರೆ ಸಾಕು, ಉಳಿದವರು ಎಲೆ ಕೆಳಗಿಡುತ್ತಿದ್ದರು. ಎಲೆ ಒಳ್ಳೆಯದಿದ್ದರೂ ಇಡುತ್ತಿದ್ದರು. ಅವನನ್ನು ಗೆದ್ದು ಪೇಟ ಬಿಚ್ಚುವುದು ಯಾರಿಗೂ ಬೇಕಿರಲಿಲ್ಲ. ಹೊಳೆ ಇಳಿಯುವವರೆಗೂ ವರ್ತಕ ಗೆಲ್ಲುತ್ತಲೇ ಇದ್ದ. ಅವನೊಡನೆ ನಿಜವಾಗಿ ಯಾರೂ ಆಡುತ್ತಿರಲಿಲ್ಲ.

ಗುರುಗಳು ನಿಲ್ಲಿಸಿದರು.

ಸುಗುಣಾವತಿಗೆ ರೇಗಿತು. “ನಾನು ಕೇಳಿದ್ದು, ತಿಳಿಯುವುದು ಹೇಗೆ ಎಂದು. ಅದಕ್ಕೆ ಉತ್ತರ ಬರಲಿಲ್ಲ.”

“ತಿಳಿಯದಿದ್ದರೆ ಎಲೆ ಬಿಡಿ. ಬಿಡಲು ಮನಸ್ಸಿಲ್ಲದಿದ್ದರೆ ಕಾಸು ಕೊಟ್ಟು ನೋಡಿ. ಎರಡರಲ್ಲೂ ತಪ್ಪಿಲ್ಲ. ಆದರೆ ಕಾಸು ಕೊಟ್ಟು ನೋಡಿದ ಮೇಲೆ, ಕಂಡದ್ದನ್ನು ನಂಬಬೇಕು.”

 ಸುಗುಣಾವತಿಗೆ ನಿನ್ನೆಯ ಆಟ ನೆನಪಾಯಿತು. ಅವರು ರೂಪಾಯಿ ಮುಂದಿಟ್ಟ ಕೂಡಲೇ ಪಕ್ಕದ ಮನೆಯ ಪಂಕಜಾ, “ನಿಮ್ಮದೇ ಬಿಡಿ” ಎಂದು ಎಲೆ ಮಗುಚಿಟ್ಟಿದ್ದರು. ಫ್ಯಾನಿನ ಗಾಳಿಗೆ ಆ ಎಲೆಗಳು ಚೆದುರಿ ತಿರುಗಿಬಿದ್ದಿದ್ದವು. ಎರಡು ರಾಜ. ತಮ್ಮ ಕೈಯಲ್ಲಿದ್ದದ್ದು ಒಂದು ರಾಣಿ, ಮತ್ತೆರಡು ಯಾವ ಲೆಕ್ಕಕ್ಕೂ ಇಲ್ಲದವು. ಪಂಕಜಾಗೆ ಆಟವೇ ಬರುವುದಿಲ್ಲ ಎಂದು ನಿನ್ನೆ ಅಂದುಕೊಂಡಿದ್ದರು. ಪಂಕಜಾ ಆ ಎಲೆಗಳನ್ನು ಬೇಗಬೇಗನೆ ಬಾಚಿ ಕಟ್ಟಿನೊಳಗೆ ಸೇರಿಸಿದ್ದರು. ಉಳಿದವರೆಲ್ಲ ತಮ್ಮ ತಮ್ಮ ಸೆರಗು ಸರಿಮಾಡಿಕೊಂಡಿದ್ದರು.

“ಆದರೆ ಗುರುಗಳೇ, ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ತಪ್ಪೊಪ್ಪಿಕೊಂಡವರಲ್ಲ” ಎಂದರು.

ಗುರುಗಳು ಹೇಳಿದರು: “ಭಜನೆಗೆ ಮುಂಚೆ ಚಂದ್ರಾಬಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿ.”