ಟಿ.ವಿ.ಗೆ ಸಾಹೇಬರ ಮಂಜೂರಾತಿ

ನಿವೃತ್ತ ತಹಸೀಲ್ದಾರ್ ಚನ್ನವೀರಯ್ಯನವರ ಮನೆಯಲ್ಲಿ ಕೇಬಲ್ ಹೋಗಿ ಒಟಿಟಿ ಬಂತು. ಊಟವಾದ ಮೇಲೆ ಸಾಹೇಬರು ಧಾರಾವಾಹಿ ಹಾಕಿಕೊಂಡು ಗೊರಕೆ ಹೊಡೆಯುವರು. ಮೂರು ಕಂತು ಮುಗಿದರೆ ಟಿ.ವಿ. ತಾನೇ ನಿಂತು, "ಇನ್ನೂ ನೋಡುತ್ತಿದ್ದೀರಾ?" ಎಂದು ಕೇಳುವುದು. ಸದ್ದು ನಿಂತೊಡನೆ ಸಾಹೇಬರಿಗೆ ಎಚ್ಚರ.

"ನನ್ನನ್ನೇ ವಿಚಾರಣೆ ಮಾಡುತ್ತಾ ಇದು? ಕೇಬಲ್ಲಿಗೆ ಇಷ್ಟು ಧೈರ್ಯ ಇರಲಿಲ್ಲ! ನೀನು ಇಲ್ಲೇ ಕೂತು 'ಹೌದು' ಒತ್ತುತ್ತಿರು," ಎಂದು, ಈಗಲೂ ಮನೆಗೆ ಬಂದುಹೋಗುತ್ತಿದ್ದ ಕಚೇರಿಯ ಹಳೆಯ ಜವಾನನಿಗೆ ಅಪ್ಪಣೆಯಾಯಿತು.

ಅವನಿಗೂ ನಿವೃತ್ತಿಯಾಗಿ ಐದು ವರ್ಷ. ಅದರ ಮೇಲೆ ಮಂಡಿನೋವು. ಮೂರು ಮಧ್ಯಾಹ್ನ ಒತ್ತಿದ. ನಾಲ್ಕನೆಯ ದಿನ ಕೈಕಟ್ಟಿ ನಿಂತ.

"ಸಾರ್, ಕೇಬಲ್ಲು ಯಾರನ್ನೂ ಕೇಳದೆ ಬಡಬಡಿಸುತ್ತಿತ್ತು. ಇದು ನಿಮ್ಮ ಅಪ್ಪಣೆ ಇಲ್ಲದೆ ಮುಂದಕ್ಕೆ ಹೋಗಲ್ಲ. ಅದನ್ನ ಜವಾನ ಮಂಜೂರು ಮಾಡಿದರೆ ಚೆನ್ನಾಗಿರುತ್ತಾ?"

ಸಾಹೇಬರು ರಿಮೋಟ್ ಕಿತ್ತುಕೊಂಡರು. ಅಂದಿನಿಂದ ನಿದ್ದೆ ಬಿಟ್ಟು ನೆಟ್ಟಗೆ ಕೂತರು. ಪ್ರಶ್ನೆ ಬಂದಾಗಲೆಲ್ಲ "ಮಂಜೂರು!" ಎಂದು ಕೂಗಿ ಒತ್ತಿದರು. ನಡುನಡುವೆ ಅಡುಗೆಮನೆಯ ತಪಾಸಣೆಯನ್ನೂ ಶುರುಮಾಡಿದರು.

ವಾರ ಕಳೆಯುವಷ್ಟರಲ್ಲಿ ಸಾಹೇಬರ ಹೆಂಡತಿ ಬಾಗಿಲಲ್ಲಿ ಜವಾನನನ್ನು ತಡೆದರು.

"ಕೇಬಲ್ಲೇ ವಾಪಸ್ ಹಾಕಿಸಪ್ಪ. ಆಗ ಇವರು ಮಲಗೋರು, ನಾನೂ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದೆ."

ಜವಾನ ಆಕಳಿಸುತ್ತ ಚಪ್ಪಲಿ ಮೆಟ್ಟಿಕೊಂಡ.

"ಅರ್ಜಿ ಸಾಹೇಬರ ಮೂಲಕವೇ ಬರಬೇಕಮ್ಮ."