ಕೆಸರಿ ಬೆಟ್ಟವಾದದ್ದು

ಒಂದಾನೊಂದು ಕಾಲ, ಮಗಾ, ಮನುಷ್ಯರು ಅನ್ನೋರು ಇನ್ನೂ ಹುಟ್ಟೇ ಇರದ ಕಾಲ. ಆಗ ಬಡಗಣ ನೆಲಕ್ಕೂ ತೆಂಕಣ ನೆಲಕ್ಕೂ ನಡುವೆ ಕಡಲವ್ವ ಅಂತ ಒಬ್ಬಳು ತಾಯಿ ಇದ್ದಳಂತೆ. ತೆಂಕಣ ನೆಲ ಅಂದ್ರೆ ಬೇರೆ ಯಾವುದೂ ಅಲ್ಲ, ನಾವೀಗ ಚಾಪೆ ಹಾಸಿ ಮಲಗಿದೀವಲ್ಲ, ಇದೇ. ಕಡಲವ್ವನ ಮಡಿಲಲ್ಲಿ ಮೂವರು ಹೆಣ್ಣುಮಕ್ಕಳು. ದೊಡ್ಡೋಳು ಸುಣ್ಣಕ್ಕ, ಶಂಖ ಚಿಪ್ಪು ಸೇರಿ ಆದೋಳು, ಬೆಳ್ಳಗಿದ್ದಳಂತೆ. ನಡುವಿನೋಳು ಮಳಲಕ್ಕ, ಮರಳಿಂದ ಆದೋಳು, ಗಟ್ಟಿಗಿತ್ತಿ. ಕೊನೇಯೋಳು ಕೆಸರಿ. ಹೊಳೆಗಳು ತಂದು ಸುರಿದ ರಾಡಿಯಿಂದ ಹುಟ್ಟಿದೋಳು, ಕಪ್ಪಗೆ, ಮೆತ್ತಗೆ. ಅಕ್ಕಂದಿರು ಹತ್ತಿರ ಸೇರಿಸ್ತಿರಲಿಲ್ಲವಂತೆ. ಥೂ, ಮೈಗೆ ಮೆತ್ಕೋತೀಯ, ಆಚೆ ಹೋಗು ಅಂತಿದ್ದರಂತೆ.

ಹೀಗಿರೋವಾಗ ತೆಂಕಣ ನೆಲ ಬಡಗಣಕ್ಕೆ ಹೊರಟಿತಂತೆ. ಓಡ್ಕೊಂಡೇನಲ್ಲ, ನಿನ್ನ ಉಗುರು ಬೆಳೆಯುತ್ತಲ್ಲ, ಅಷ್ಟು ನಿಧಾನಕ್ಕೆ. ಆದ್ರೆ ನಿಲ್ಲೋದು ಅನ್ನೋದೇ ಇಲ್ಲ. ಅದು ಬರ್ತಾ ಬರ್ತಾ ಕಡಲವ್ವ ಸೊರಗಿ ಸೊರಗಿ ಹಳ್ಳದಷ್ಟಾದಳಂತೆ. ಕಣ್ಮುಚ್ಚೋ ಮುಂಚೆ ಮಕ್ಕಳನ್ನ ಕರೆದು, ಎರಡು ನೆಲ ಬಂದು ಗುದ್ದುತ್ತವೆ, ನಡುವೆ ನೀವು ಸಿಕ್ಕೋತೀರ, ಪುಡಿಯಾಗಬೇಡಿ, ಒಬ್ಬರನ್ನೊಬ್ಬರು ಬಿಡಬೇಡಿ ಅಂದಳಂತೆ. ಅಷ್ಟೇ, ಒಣಗಿಹೋದಳು.

ಅಕ್ಕಂದಿರು ಅತ್ತರಾ ಅಜ್ಜಿ ಅಂತೀಯಾ? ಅತ್ತರು ಮಗಾ, ಮೂವರೂ ಅತ್ತರು. ಆದ್ರೆ ಅಳೋಕೂ ಪುರುಸೊತ್ತಿಲ್ಲ, ಬಂತು ನೋಡು ಗುದ್ದು! ಬಡಗಣ ನೆಲ ನಾನು ಜಗ್ಗಲ್ಲ ಅಂತು, ತೆಂಕಣ ನೆಲ ನಾನು ನಿಲ್ಲಲ್ಲ ಅಂತು. ಸುಣ್ಣಕ್ಕನ ಮೈ ಚಟಚಟ ಸೀಳೋಕೆ ಶುರುವಾಯ್ತು, ಮಳಲಕ್ಕನ ಉಸಿರು ಕಟ್ಟಿತು. ಜಾಗ ಇಲ್ಲ, ಒಬ್ಬರು ಕೆಳಗೆ ಹೋದ್ರೆ ಮಾತ್ರ ಇನ್ನಿಬ್ಬರು ಮೇಲೆ ಏಳಬಹುದು. ಯಾರು ಹೋಗ್ತಾರೆ? ಆಗ ಕೆಸರಿ, ನಾನು ಹೋಗ್ತೀನಿ, ನೀವು ನನ್ನ ಬೆನ್ನು ಹತ್ತಿ ಅಂದಳಂತೆ. ಅಕ್ಕಂದಿರು ಹತ್ತಿದರು. ಕೆಸರಿ ಕತ್ತಲಿಗೆ ಇಳಿದಳು.

ಅಲ್ಲಿ ಪಾತಾಳದಲ್ಲಿ ಬೆಂಕಿ ಕಾಯೋ ಮುದುಕ ಒಬ್ಬ ಇದ್ದನಂತೆ. ಯಾರೇ ನೀನು, ಇಷ್ಟು ಮೆತ್ತಗಿದೀಯ, ವಾಪಸ್ ಹೋಗು, ಇಲ್ಲಿ ಉಳಿಯಲ್ಲ ನೀನು ಅಂದ. ಹೋದ್ರೆ ಅಕ್ಕಂದಿರು ಬೀಳ್ತಾರೆ ತಾತ, ನಾನು ಹೋಗಲ್ಲ ಅಂದಳು. ಹಂಗಾದ್ರೆ ತಡ್ಕೋ ಅಂತ ಮುದುಕ ಅವಳ ಮೇಲೆ ಬೆಟ್ಟದ ಭಾರ ಹೇರಿದನಂತೆ. ಕೆಸರಿ ಹಪ್ಪಳದ ಹಾಗೆ ಪದರ ಪದರ ಆದಳು, ಮಕ್ಕಳು ಬರೆಯೋ ಸ್ಲೇಟಿನ ಕಲ್ಲಾದಳು. ಜಗ್ಗಲಿಲ್ಲ.

ಆಮೇಲೆ ಎರಡನೇ ಸಲ, ಮುದುಕ ಉರಿ ಹೆಚ್ಚು ಮಾಡಿದ. ಆ ಕಾವಿಗೆ ಕೆಸರಿಯ ಮೈತುಂಬ ಕಾಗೆಬಂಗಾರ ಮಿನುಗಿತಂತೆ, ಅದರ ನಡುನಡುವೆ ದಾಳಿಂಬೆ ಕಾಳಿನಂಥ ಕೆಂಪು ಹರಳು ಮೂಡಿದವಂತೆ. ಆ ಹರಳುಗಳನ್ನ ಹೊರಗಿಂದ ಯಾರೂ ತಂದು ಇಟ್ಟಿದ್ದಲ್ಲ ಮಗಾ, ಅವಳೊಳಗೇ ಇದ್ದದ್ದು, ಕಾವು ಬಿದ್ದಾಗ ಹೊರಗೆ ಬಂತು.

ಮುದುಕನಿಗೇ ಅಚ್ಚರಿ. ಮಗಳೇ, ಇನ್ನೊಂದು ಪರೀಕ್ಷೆ ಉಳಿದಿದೆ, ಇದು ಕಷ್ಟ, ಇದರಲ್ಲಿ ನೀನು ಕರಗಿಹೋಗ್ತೀಯ, ಮತ್ತೆ ನೀನೇ ಆಗ್ತೀಯೋ ಇಲ್ಲವೋ ನನಗೂ ಗೊತ್ತಿಲ್ಲ ಅಂದ. ಕೆಸರಿಗೆ ಆಗ ಹೆದರಿಕೆ ಆಯ್ತಂತೆ, ನಿಜವಾಗಲೂ ಆಯ್ತಂತೆ. ಸುಮ್ಮನೆ ಮೇಲೆ ನೋಡಿದಳು. ಮೇಲೆ ಮಳಲಕ್ಕ ಬಿಸಿಗೆ ಬಾಗಿ ಬಾಗಿ, ಸೀರೆ ನಿರಿಗೆ ಹಾಗೆ ಮಡಿಸ್ಕೊಂಡು, ಮುರೀದೆ ಸುಣ್ಣಕ್ಕನ್ನ ಹೊತ್ತು ನಿಂತಿದ್ದಳಂತೆ. ಅವಳೇ ತಡ್ಕೊಂಡಿರೋವಾಗ ನಾನೇನು ಅಂತ ಕೆಸರಿ ಕಣ್ಣು ಮುಚ್ಚಿದಳು.

ಕರಗಿದಳು. ಪೂರ್ತಿ ಅಲ್ಲ. ಬೆಣ್ಣೆ ಕಾಯಿಸಿದ್ರೆ ತಿಳಿತುಪ್ಪ ಮೇಲೆ ಬಂದು ಗಷ್ಟು ತಳಕ್ಕೆ ನಿಲ್ಲಲ್ವಾ, ಹಂಗೆ. ಕಪ್ಪು ಅಂಶ ಪಟ್ಟೆ ಪಟ್ಟೆಯಾಗಿ ಕೆಳಗೇ ಉಳೀತು, ತಿಳಿಯಾದ ಬಿಳೀ ರಸ ಸಂದಿ ಗೊಂದಿ ಹುಡುಕ್ಕೊಂಡು ಮೇಲೆ ಏರಿತು, ಏರಿ ಏರಿ ಅಕ್ಕಂದಿರ ಬಿರುಕಿನಲ್ಲೆಲ್ಲ ತುಂಬ್ಕೊಂಡು, ನಿಧಾನಕ್ಕೆ ತಣಿದು ಕಲ್ಲಾಯ್ತಂತೆ. ಎಂಥ ಕಲ್ಲು ಅಂತೀಯ! ಉಳಿ ಇಟ್ಟರೆ ಉಳಿಯೇ ಮೊಂಡಾಗೋ ಕಲ್ಲು.

ಮಳೆಗಾಳಿ ಮೇಲಿನ ಮಣ್ಣೆಲ್ಲ ತೊಳೆದಾಗ ಮೂವರೂ ಬೆಳಕಿಗೆ ಬಂದರಂತೆ. ಸುಣ್ಣಕ್ಕ ಕೆಳಗೆ ಬಗ್ಗಿ, ಯಾರಮ್ಮ ನೀನು, ಇಷ್ಟು ಬೆಳ್ಳಗೆ ಹೊಳೀತಿದೀಯ, ನಮ್ಮ ಬಿರುಕೆಲ್ಲ ಹೊಲಿದೋಳು ನೀನೇನಾ ಅಂತ ಕೇಳಿದಳು. ಅಕ್ಕಾ, ನಾನು ಕೆಸರಿ ಅಂದಳು. ಮಳಲಕ್ಕ ಅವಳನ್ನ ತಬ್ಕೊಂಡು, ನಮ್ಮ ಮನೇಲಿ ದೊಡ್ಡೋಳು ನೀನು ಕಣೇ, ವಯಸ್ಸಲ್ಲ ಲೆಕ್ಕ ಅಂದಳಂತೆ. ಕೆಸರಿ ಬೇಡ ಅನ್ನಲಿಲ್ಲ. ತಲೆ ಎತ್ತಿ, ಎದೆ ಸೆಟೆಸಿ, ಹೌದು ಅಂದಳಂತೆ.

ಸುಣ್ಣಕ್ಕ ತುತ್ತತುದಿಗೆ ಹಿಮದ ಮುಸುಕು ಹಾಕ್ಕೊಂಡು ಕೂತಳು, ಮಳಲಕ್ಕ ನಡುವೆ, ಕೆಸರಿ ಇಬ್ಬರನ್ನೂ ಹಿಡ್ಕೊಂಡು ಬುಡದಲ್ಲಿ, ಮೂವರೂ ಸೇರಿ ಒಂದೇ ಬೆಟ್ಟ. ಅವರ ಕಾಲಬುಡದಲ್ಲಿ ಹೊಳೆ ಹುಟ್ಟಿದವು, ಜನ ಬಂದು ಗೋಧಿ ಬಿತ್ತಿದರು, ಹಟ್ಟಿ ಕಟ್ಟಿದರು, ಸುಖವಾಗಿದ್ದರಂತೆ. ನಮ್ಮ ನೆಲ ಇನ್ನೂ ತಳ್ಳೋದು ಬಿಟ್ಟಿಲ್ಲವಂತೆ ಮಗಾ. ಅಕ್ಕತಂಗೀರೂ ಬಗ್ಗಿಲ್ಲ, ವರ್ಷ ವರ್ಷಕ್ಕೂ ಕೂದಲೆಳೆಯಷ್ಟು ಎತ್ತರ ಆಗ್ತಾನೇ ಇದ್ದಾರಂತೆ. ಅವರು ಬೆಳೀತಿರಲಿ, ನಮ್ಮ ಕತೆ ಇಲ್ಲಿಗೆ ಮುಗೀತು.