ಹೊಸ ಟ್ರಾಯ್‌ನ ಹೆಬ್ಬಾಗಿಲು

"ಗುರುಗಳೇ, ಕಳೆದುಹೋದ ಒಳ್ಳೆಯ ಕಾಲವನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿಕೊಂಡರೆ ತಪ್ಪೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಹಿಂದೆ ಗ್ರೀಕರು ಟ್ರಾಯ್ ನಗರವನ್ನು ಹತ್ತು ವರ್ಷ ಮುತ್ತಿದರು. ಕೋಟೆ ಜಗ್ಗಲಿಲ್ಲ. ಕೊನೆಗೆ ಅವರು ಮರದ ದೊಡ್ಡ ಕುದುರೆಯೊಂದನ್ನು ಬಯಲಿನಲ್ಲಿ ಬಿಟ್ಟು, ಹಡಗು ಹತ್ತಿ ಹೊರಟುಹೋದಂತೆ ನಟಿಸಿದರು. ಕುದುರೆಯ ಹೊಟ್ಟೆಯಲ್ಲಿ ಯೋಧರು ಅಡಗಿದ್ದರು. ಟ್ರಾಯ್‌ನ ಜನ ಅದನ್ನು ದೇವರ ಕಾಣಿಕೆಯೆಂದು ನಂಬಿದರು. ಹೆಬ್ಬಾಗಿಲಿನಲ್ಲಿ ಅದು ತೂರಲಿಲ್ಲ. ತಮ್ಮ ಕೈಯಾರೆ ಗೋಡೆ ಕೆಡವಿ ದಾರಿ ಅಗಲ ಮಾಡಿ ಒಳಗೆ ಎಳೆದುಕೊಂಡರು. ಬೆಳಗಾಗುವಷ್ಟರಲ್ಲಿ ಊರು ಬೂದಿಯಾಗಿತ್ತು.

ಅಳಿದುಳಿದವರು ದೂರದ ಕಡಲತೀರವೊಂದನ್ನು ಸೇರಿದರು. ಅಲ್ಲಿ ಮಕ್ಕಳು, ಮೊಮ್ಮಕ್ಕಳಾದರು. ಕಡಲುಗಳ್ಳರು ಮಕ್ಕಳನ್ನು ಹೊತ್ತೊಯ್ಯತೊಡಗಿದಾಗ ಕೋಟೆ ಕಟ್ಟದೆ ಬೇರೆ ದಾರಿ ಇರಲಿಲ್ಲ. ಟ್ರಾಯ್‌ನಲ್ಲಿ ಇದ್ದಂಥ ಕೋಟೆಯೇ ಆಗಬೇಕೆಂದು ಹಿರಿಯರು ನಿಶ್ಚಯಿಸಿದರು. ಬಾಗಿಲಿನ ಅಳತೆಗೆ ಹಗ್ಗ ಹಿಡಿಯುವ ಹಕ್ಕು ಊರಿನ ಅತಿ ಹಿರಿಯ ಹೆಂಗಸಿನದು. ಅವಳು ಹಿಡಿದದ್ದೇ ಅಳತೆ. ಅದು ಅವರ ಸಂಪ್ರದಾಯ.

ಮುದುಕಿ ಹಗ್ಗ ಹಿಡಿದು ಕಣ್ಣು ಮುಚ್ಚಿದಳು. ಅವಳ ಗಂಡ ಟ್ರಾಯ್‌ನಲ್ಲಿ ಕೋಟೆಯ ಕಾವಲುಗಾರನಾಗಿದ್ದ. ಯುದ್ಧ ನಡೆದಷ್ಟು ಕಾಲ ಅವನು ಮನೆಗೆ ಬಂದರೂ ಕವಚ ಬಿಚ್ಚುತ್ತಿರಲಿಲ್ಲ. ಗ್ರೀಕರು ಹೊರಟುಹೋದರೆಂದು ಊರು ನಂಬಿದ ಆ ಒಂದು ಸಂಜೆ ಮಾತ್ರ ಶಿರಸ್ತ್ರಾಣವನ್ನು ಕಂಕುಳಲ್ಲಿ ಇಟ್ಟುಕೊಂಡು, ಅಗಲವಾದ ಬಾಗಿಲಿನ ನಡುವೆ ಆರಾಮವಾಗಿ ನಡೆದು ಬಂದ. ತಲೆ ಅರ್ಧ ನರೆತಿತ್ತು. ಅದು ಯಾವಾಗ ನರೆಯಿತೆಂದು ಅವಳಿಗೆ ತಿಳಿದಿರಲಿಲ್ಲ. ಅವಳು ನಕ್ಕಳು. ಅವನೂ ನಕ್ಕು, ಊಟಕ್ಕೆ ಏನು ಮಾಡಿದ್ದೀಯೆಂದು ಕೇಳಿದ.

ಮುದುಕಿ ಹಗ್ಗ ಬಿಡುತ್ತಾ ನಡೆದಳು. ಹಗ್ಗ ಸಾಲದೆ ಇನ್ನೊಂದನ್ನು ಗಂಟು ಹಾಕಬೇಕಾಯಿತು.

ಕದ ಮಾಡಲು ಆ ತೀರದ ಬಡಗಿಯೊಬ್ಬನನ್ನು ಕರೆಸಿದ್ದರು. ಅವನು ಅಳತೆ ನೋಡಿ, "ಅಜ್ಜಿ, ನಿಮ್ಮ ಊರಿಗೆ ಬೆಟ್ಟವೇನಾದರೂ ನೆಂಟನಾಗಿ ಬರುತ್ತಿತ್ತೇ? ಇಷ್ಟು ದೊಡ್ಡ ಬಾಗಿಲನ್ನು ಕತ್ತಲಾದ ಮೇಲೆ ಹೇಗೆ ಮುಚ್ಚುತ್ತಿದ್ದಿರಿ?" ಎಂದ.

ಮುದುಕಿ ಅಳತೆಯ ಗೂಟವನ್ನು ಕೈಗೆತ್ತಿಕೊಂಡಳು. "ಅಂದು ಯಾರೂ ಮುಚ್ಚಲಿಲ್ಲಪ್ಪ" ಎಂದಳು. ಗೂಟವನ್ನು ಅಲ್ಲೇ ನೆಟ್ಟಳು.

ಸುತ್ತ ನಿಂತಿದ್ದ ಮುದುಕರು ಕಣ್ಣೊರೆಸಿಕೊಂಡು, ಕೆಲಸ ಶುರುವಾಗಲಿ ಎಂದರು. ಅಷ್ಟು ಅಗಲದ ಕದ ತನ್ನಿಂದಾಗದೆಂದು ಬಡಗಿ ಉಳಿ, ಬಾಚಿ ಎತ್ತಿಕೊಂಡು ಹೊರಟುಹೋದ. ಕೋಟೆ ಎದ್ದಿತು. ಬಾಗಿಲಿಗೆ ಕದ ಬರಲೇ ಇಲ್ಲ.

ಶಿಷ್ಯ ತಡೆಯಲಾರದೆ ಕೇಳಿದ: "ಹಳೆಯ ಊರನ್ನು ಕಂಡವರು ಅಷ್ಟು ಜನ ಇದ್ದರಲ್ಲ! ಆ ಅಗಲ ಬಾಗಿಲಿನದಲ್ಲ, ತಾವೇ ಕೆಡವಿದ ಗೋಡೆಯದೆಂದು ಒಬ್ಬರಾದರೂ ಅವಳಿಗೆ ಹೇಳಬಾರದಿತ್ತೇ?"

ಗುರುಗಳು ಹೇಳಿದರು:

"ಅವರೆಲ್ಲರ ಕೊನೆಯ ಸುಖವೂ ಅದೇ ದಾರಿಯಲ್ಲಿ ಒಳಗೆ ಬಂದಿತ್ತು."